ನಾರ್ಳೀಕರ್ ಯಾವ ಕಪಾಟಿನವರು?

ಉಡುಪಿಯಲ್ಲಿ ನಾನು ಹೋಗುವ ಲೈಬ್ರರಿಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರ ಎರಡು ಇಂಗ್ಲಿಷ್ ಪುಸ್ತಕಗಳಿವೆ. ಒಂದು ಗುರುತ್ವಾಕರ್ಷಣೆಯ ಬಗ್ಗೆ, ಇನ್ನೊಂದು ಕಾದಂಬರಿ. ಎರಡೂ ಖಗೋಳ ವಿಜ್ಞಾನದ ಕಪಾಟಿನಲ್ಲಿ ಅಕ್ಕಪಕ್ಕ ಕೂತಿವೆ. ಕಾದಂಬರಿಯ ಬೆನ್ನಿಗೂ ಖಗೋಳದ ನಂಬರ್ ಚೀಟಿಯೇ ಅಂಟಿಸಿದ್ದಾರೆ. ಇದು ಕಥೆ ಪುಸ್ತಕ ಅಲ್ವಾ ಅಂತ ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು ತಲೆ ಎತ್ತದೆಯೇ, "ಬರೆದವರು ಸೈಂಟಿಸ್ಟ್ ಅಲ್ವಾ ಸರ್" ಅಂದರು. ವಾದ ಮಾಡಲಿಕ್ಕೆ ಹೋಗಲಿಲ್ಲ. ಆದರೆ ಕಥೆ ಬೇಕಾದವರು ಆ ಕಪಾಟಿನ ಕಡೆ ಕಾಲಿಡುವುದಿಲ್ಲ. ಖಗೋಳ ಬೇಕಾದ ಎಂಎಸ್ಸಿ ಹುಡುಗರು ಅದನ್ನು ತೆಗೆದು ನಾಲ್ಕು ಪುಟ ತಿರುವಿ ವಾಪಸ್ ಇಡುತ್ತಾರೆ. ಒಳಗಿನ ಚೀಟಿಯಲ್ಲಿ ಸೀಲು ಬಿದ್ದದ್ದು ಬಹಳ ಕಡಿಮೆ.

2025ರ ಮೇ 20ರಂದು ಅವರು ಪುಣೆಯಲ್ಲಿ ತೀರಿಕೊಂಡಾಗ ಪೇಪರಿನಲ್ಲಿ ಓದಿದ್ದೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಕೇಂಬ್ರಿಜ್, ಗುರು ಫ್ರೆಡ್ ಹಾಯ್ಲ್, 26ನೇ ವಯಸ್ಸಿಗೇ ಪದ್ಮಭೂಷಣ, 1988ರಲ್ಲಿ ಪುಣೆಯಲ್ಲಿ ಕಟ್ಟಿದ ಖಗೋಳ ಸಂಶೋಧನೆಯ ಐಯುಕಾ ಸಂಸ್ಥೆ, ಪದ್ಮವಿಭೂಷಣ. ಕೊನೆಯಲ್ಲಿ ಜಾಗ ಉಳಿದಿದ್ದರೆ ವೈಜ್ಞಾನಿಕ ಕಥೆಗಳ ಬಗ್ಗೆ ಒಂದು ಸಾಲು. ಮರಾಠಿಯವರು ಈ ಮನುಷ್ಯನನ್ನು ತಮ್ಮ ಸಾಹಿತ್ಯ ಸಮ್ಮೇಳನಕ್ಕೇ ಅಧ್ಯಕ್ಷರನ್ನಾಗಿ ಆರಿಸಿದ್ದರು. 2021ರಲ್ಲಿ, ನಾಸಿಕದ ಸಮ್ಮೇಳನಕ್ಕೆ. ಅವರ ಮರಾಠಿ ಆತ್ಮಕಥೆಗೆ 2014ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿತ್ತು. ಅಲ್ಲಿ ಸಾಹಿತಿ, ಇಲ್ಲಿ ಸಾಹಿತ್ಯದ ಹವ್ಯಾಸ ಇದ್ದ ವಿಜ್ಞಾನಿ.

ನಮ್ಮ ಕಡೆಯವರಿಗೆ ಇದೇನೂ ಹೊಸದಾಗಿ ಕಾಣಬಾರದಿತ್ತು. ಕೋಟದ ಕಾರಂತರು ಕಾದಂಬರಿ ಬರೆದ ಕೈಯಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟ, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದವರು. ರೇಚಲ್ ಕಾರ್ಸನ್ ಅವರ ಕಡಲಿನ ಪುಸ್ತಕವನ್ನು ಕನ್ನಡಕ್ಕೆ ತಂದವರು. ಅವರನ್ನು ಯಾರೂ ನೀವು ಯಾವ ಕಪಾಟಿನವರು ಅಂತ ಕೇಳಲಿಲ್ಲ. ಕಥೆಗಾರ ವಿಜ್ಞಾನದ ಕಡೆ ಬಂದರೆ ನಮಗೆ ಖುಷಿ, ಎಷ್ಟು ಓದಿಕೊಂಡಿದ್ದಾರೆ ನೋಡಿ ಅನ್ನುತ್ತೇವೆ. ವಿಜ್ಞಾನಿ ಕಥೆಯ ಕಡೆ ಹೋದರೆ ಮಾತ್ರ ಸಣ್ಣ ಅನುಮಾನ. ಬಿಡುವಿನಲ್ಲಿ ಸುಮ್ನೆ ಗೀಚಿದ್ದು ಇರಬೇಕು ಅಂತ. ಇಲ್ಲದಿದ್ದರೆ ಏನೋ ಸ್ವಲ್ಪ ಸಡಿಲ ಆಗಿದ್ದಾರೆ ಅಂತ.

ಹೆಸರು ಬಚ್ಚಿಟ್ಟ ಮೊದಲ ಕಥೆ

ಅನುಮಾನ ಬರುತ್ತದೆ ಅಂತ ಅವರಿಗೂ ಗೊತ್ತಿತ್ತೋ ಏನೋ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥಾ ಸ್ಪರ್ಧೆ ಇಟ್ಟಿತ್ತು. ನಾರ್ಳೀಕರ್ ಆಗ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರ್, ಮನೆಮಾತಾದ ಹೆಸರು. ಕಪ್ಪು ಕುಳಿಯ ಬಗ್ಗೆ ಒಂದು ಕಥೆ ಬರೆದರು, ‘ಕೃಷ್ಣ ವಿವರ’ ಅಂತ. ಕಳಿಸುವಾಗ ಹೆಸರು ನಾರಾಯಣ ವಿನಾಯಕ ಜಗತಾಪ್ ಅಂತ ಹಾಕಿದರು. ಜಯಂತ ವಿಷ್ಣು ನಾರ್ಳೀಕರ್ ಎಂಬುದರ ಮೊದಲಕ್ಷರಗಳು ತಿರುವುಮುರುವು. ಕೈಬರಹದ ಗುರುತು ಹತ್ತಬಾರದೆಂದು ಹೆಂಡತಿ ಮಂಗಳಾ ಅವರಿಂದ ನಕಲು ಬರೆಸಿದರು. ಕಥೆಗೆ ಮೊದಲ ಬಹುಮಾನ ಬಂತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ತಮಾಷೆಗೆ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಒಬ್ಬ ಪ್ರಯೋಗಶಾಲೆಯ ಮನುಷ್ಯನ ಬುದ್ಧಿ. ಔಷಧ ಪರೀಕ್ಷೆ ಮಾಡುವಾಗ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಸಕ್ಕರೆ ಮಾತ್ರೆ ಅನ್ನುವುದನ್ನು ಡಾಕ್ಟರಿಗೂ ಹೇಳುವುದಿಲ್ಲವಲ್ಲ, ಅದೇ ಕ್ರಮ. ಕಥೆ ತನ್ನ ಕಾಲ ಮೇಲೆ ನಿಲ್ಲುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಹೆಸರು ಬದಿಗಿಡಬೇಕು.

ಗುರುವೂ ಅಂಥವರೇ ಸಿಕ್ಕಿದ್ದರು. ಫ್ರೆಡ್ ಹಾಯ್ಲ್ ಬಿಬಿಸಿ ರೇಡಿಯೋದಲ್ಲಿ ವಿಶ್ವದ ಬಗ್ಗೆ ಮಾತಾಡಿ ಮನೆ ಮನೆಗೆ ತಲುಪಿದವರು. ‘ಬಿಗ್ ಬ್ಯಾಂಗ್’ ಅನ್ನುವ ಹೆಸರನ್ನು 1949ರಲ್ಲಿ ಕೊಟ್ಟದ್ದೇ ಅವರು, ಅದೂ ವಿಶ್ವಕ್ಕೆ ಒಂದು ಆರಂಭ ಇತ್ತು ಅನ್ನುವ, ತಾವು ಒಪ್ಪದ ಸಿದ್ಧಾಂತಕ್ಕೆ. 1957ರಲ್ಲಿ ಅವರ ಕಾದಂಬರಿ ‘ದಿ ಬ್ಲ್ಯಾಕ್ ಕ್ಲೌಡ್’ ಬಂತು. ಸೂರ್ಯನಿಗೂ ಭೂಮಿಗೂ ನಡುವೆ ಬಂದು ನಿಲ್ಲುವ ಒಂದು ಮೋಡ, ಆ ಮೋಡಕ್ಕೆ ಬುದ್ಧಿ ಇದೆ. ಅದೇ ವರ್ಷ ನಾರ್ಳೀಕರ್ ಬನಾರಸಿನಿಂದ ಕೇಂಬ್ರಿಜ್‌ಗೆ ಹೋದರು. ಸಂಶೋಧನೆ, ರೇಡಿಯೋ, ಕಾದಂಬರಿ ಮೂರನ್ನೂ ಒಬ್ಬನೇ ಮಾಡಬಹುದು ಅನ್ನುವುದನ್ನು ಗುರುವಿನ ಮನೆಯಲ್ಲೇ ಕಂಡ ಹುಡುಗನಿಗೆ ಕಪಾಟಿನ ಪ್ರಶ್ನೆ ಎಲ್ಲಿಂದ ಬರಬೇಕು?

"ಸೈಂಟಿಸ್ಟ್ ಆಗಿ ಸುಳ್ಳು ಬರೀಬಹುದಾ?"

ಪ್ರಶ್ನೆ ಬಂದದ್ದು ನನ್ನ ಅಕ್ಕನ ಮಗಳಿಗೆ. ಮಂಗಳೂರಿನಲ್ಲಿ ಸಿಬಿಎಸ್ಇ ಹನ್ನೊಂದನೇ ಕ್ಲಾಸು. ಇಂಗ್ಲಿಷ್ ಪುಸ್ತಕದಲ್ಲಿ ನಾರ್ಳೀಕರ್ ಅವರ ‘ದಿ ಅಡ್ವೆಂಚರ್’ ಪಾಠ ಉಂಟು. ಯೂನಿಟ್ ಟೆಸ್ಟಿನ ಹಿಂದಿನ ಸಂಜೆ ಕದ್ರಿಯ ಅಕ್ಕನ ಮನೆಯಲ್ಲಿ ನಾನಿದ್ದೆ. ಅವಳು ಗೈಡ್ ತೆರೆದಿಟ್ಟು ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದಳು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಇಂಪಾರ್ಟೆಂಟ್’ ಅಂತ ಮೂರು ಕಡೆ ಗುರುತು. ಮೇಷ್ಟ್ರು ಹೇಳಿ ಹಾಕಿಸಿದ್ದಂತೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಗಾಯತೊಂಡೆ ಎಂಬ ಇತಿಹಾಸದ ಪ್ರೊಫೆಸರಿಗೆ ಲಾರಿ ಗುದ್ದುತ್ತದೆ. ಎಚ್ಚರಾದಾಗ ಅವರಿರುವುದು ಬೇರೆಯೇ ಭಾರತದಲ್ಲಿ. ನಿಜದಲ್ಲಿ ಮರಾಠರು ಸೋತ 1761ರ ಪಾಣಿಪತ್ ಯುದ್ಧವನ್ನು ಅಲ್ಲಿ ಅವರು ಗೆದ್ದಿದ್ದಾರೆ. ಈಸ್ಟ್ ಇಂಡಿಯಾ ಕಂಪನಿ ಇನ್ನೂ ಮುಂಬೈಯಲ್ಲಿ ಅಂಗಡಿ ಇಟ್ಟುಕೊಂಡಿದೆ, ಆದರೆ ದೇಶ ಆಳುತ್ತಿಲ್ಲ. ಪ್ರೊಫೆಸರು ಲೈಬ್ರರಿಗೆ ಹೋಗಿ ತಾವೇ ಬರೆದ ಇತಿಹಾಸ ಪುಸ್ತಕ ತೆಗೆದು, ಎಲ್ಲಿ ದಾರಿ ಕವಲೊಡೆಯಿತು ಎಂದು ಹುಡುಕುತ್ತಾರೆ. ಸಿಗುತ್ತದೆ. ಪೇಶ್ವೆಯ ಮಗ ವಿಶ್ವಾಸರಾಯನಿಗೆ ತಗಲಬೇಕಿದ್ದ ಗುಂಡು ಕಿವಿಯ ಪಕ್ಕ ಸವರಿಕೊಂಡು ಹೋಗಿದೆ. ಎಳ್ಳಿನಷ್ಟು ಅಂತರ, ಅಷ್ಟೇ.

(ನನಗೆ ಜಾಸ್ತಿ ಖುಷಿ ಕೊಡುವುದು ಮಾತ್ರ ಬೇರೆ ಜಾಗ. ಆಜಾದ್ ಮೈದಾನದ ಸಭೆಯಲ್ಲಿ ವೇದಿಕೆ ಮೇಲೆ ಅಧ್ಯಕ್ಷರ ಕುರ್ಚಿ ಖಾಲಿ ಇರುತ್ತದೆ. ಸಭೆಗಳಲ್ಲಿ ಪಳಗಿದ ಪ್ರೊಫೆಸರು ಸೀದಾ ಹೋಗಿ ಕೂತುಬಿಡುತ್ತಾರೆ. ಆ ಲೋಕದಲ್ಲಿ ಜನ ಅಧ್ಯಕ್ಷೀಯ ಭಾಷಣದಿಂದ ರೋಸಿಹೋಗಿ ಆ ಪದ್ಧತಿಯನ್ನೇ ನಿಲ್ಲಿಸಿದ್ದಾರೆ. ಟೊಮೆಟೊ, ಮೊಟ್ಟೆ ಎಸೆದು ಇಳಿಸುತ್ತಾರೆ. ನಮ್ಮೂರಿನ ಸಭಾ ಕಾರ್ಯಕ್ರಮಗಳಲ್ಲಿ ಕೂತು ಬೆನ್ನು ನೋಯಿಸಿಕೊಂಡವರು ಇದನ್ನು ಓದಿದರೆ ನಾರ್ಳೀಕರ್ ಅಭಿಮಾನಿಗಳೇ ಆಗುತ್ತಾರೆ ಮಾರಾಯ್ರೆ.)

ಬಾಯಿಪಾಠದ ನಡುವೆ ಹುಡುಗಿ ತಟ್ಟನೆ ಕೇಳಿದಳು. "ಮಾವ, ಇವರು ಸೈಂಟಿಸ್ಟ್ ಆಗಿ ಹೀಗೆ ಸುಳ್ಳು ಬರೀಬಹುದಾ?"

"ಸುಳ್ಳು ಎಂತ? ಕಥೆ ಅಲ್ವಾ ಅದು."

"ಹೌದು. ಆದರೆ ಕೊನೆಗೆ ಕ್ವಾಂಟಮ್ ಅಂತ ಎಲ್ಲ ಹೇಳ್ತಾರಲ್ಲ. ಅದು ನಿಜ. ಮತ್ತೆ ಇದು ಸುಳ್ಳು. ಎಲ್ಲಿವರೆಗೆ ನಿಜ ಅಂತ ನಮಗೆ ಗೊತ್ತಾಗುವುದು ಹೇಗೆ?"

ನಾನು ಏನೋ ಉತ್ತರ ಕೊಟ್ಟೆ. ಅವಳಿಗೆ ಸಮಾಧಾನ ಆದಂತೆ ಕಾಣಲಿಲ್ಲ, ಟೆಸ್ಟಿಗೆ ಅದು ಬರುವುದೂ ಇರಲಿಲ್ಲ. ಉಡುಪಿಗೆ ವಾಪಸ್ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮುಲ್ಕಿ ದಾಟುವವರೆಗೂ ತಲೆಯಲ್ಲಿ ಅದೇ ಓಡುತ್ತಿತ್ತು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಾರ್ಳೀಕರ್ ಜೀವಮಾನವಿಡೀ ಮಾಡಿದ ಕೆಲಸವೇ ಆ ಗೆರೆ ಎಳೆಯುವುದು ಅಂತ ನನಗೆ ಈಗ ಅನ್ನಿಸುತ್ತದೆ. ಇಲ್ಲಿವರೆಗೆ ಗೊತ್ತಿದೆ, ಇಲ್ಲಿಂದಾಚೆ ಊಹೆ. ಗೆರೆಯ ಈಚೆ ನಿಂತು ಬರೆದದ್ದು ಜನಪ್ರಿಯ ವಿಜ್ಞಾನ. ಗೆರೆ ದಾಟುತ್ತಿದ್ದೇನೆ ಅಂತ ಹೇಳಿಯೇ ದಾಟಿ ಬರೆದದ್ದು ಕಥೆ. ‘ದಿ ಅಡ್ವೆಂಚರ್’ನಲ್ಲೇ ನೋಡಿ. ಎಲೆಕ್ಟ್ರಾನು ಎಲ್ಲಿರುತ್ತದೆ ಎಂದು ಖಚಿತವಾಗಿ ಹೇಳಲಾಗದು ಅನ್ನುವವರೆಗೆ ಪುಸ್ತಕದ ವಿಜ್ಞಾನ. ಒಂದು ಇಡೀ ದೇಶಕ್ಕೂ ಹಾಗೆ ಎರಡು ದಾರಿ ಇರಬಹುದು, ಮನುಷ್ಯ ಒಂದರಿಂದ ಇನ್ನೊಂದಕ್ಕೆ ಜಾರಬಹುದು ಅನ್ನುವುದು ಕಥೆಗಾರನ ಜಿಗಿತ. ಆ ಜಿಗಿತವನ್ನು ರಾಜೇಂದ್ರ ಎಂಬ ಪಾತ್ರದ ಬಾಯಲ್ಲಿ ಹೇಳಿಸುತ್ತಾರೆ, ಲೇಖಕರಾಗಿ ತಾವು ಹೇಳುವುದಿಲ್ಲ.

ಎಳ್ಳಿನಷ್ಟು ಅಂತರದ ಮಾತು ಅವರಿಗೆ ಸುಮ್ನೆ ಹೊಳೆದದ್ದಲ್ಲ ಅನ್ನುವುದು ನನ್ನ ಗುಮಾನಿ. 1964ರಲ್ಲಿ ಹಾಯ್ಲ್ ಮತ್ತು ನಾರ್ಳೀಕರ್ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತ ಮುಂದಿಟ್ಟರು. ಲೋಕವಿಡೀ ಸುದ್ದಿ. ವಿಶ್ವಕ್ಕೆ ಆರಂಭವೇ ಇಲ್ಲ, ಅದು ಯಾವಾಗಲೂ ಹೀಗೇ ಇತ್ತು ಅನ್ನುವ ಪಕ್ಷದಲ್ಲಿ ಅವರಿಬ್ಬರೂ ಇದ್ದರು. ಮರುವರ್ಷವೇ, 1965ರಲ್ಲಿ, ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಲ್ಲಿ ಹೋಗದೇ ಉಳಿದ ಒಂದು ಗುಂಯ್ ಸದ್ದಿನ ವಿಷಯ ಪ್ರಕಟಿಸಿದರು. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, ಪರಮ ಸೊನ್ನೆಗಿಂತ (ಅಂದರೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್) ಬರೀ ಮೂರು ಕೆಲ್ವಿನ್ ಮೇಲಿನ ತಣ್ಣನೆಯ ವಿಕಿರಣ ಅದು. ಬಿಸಿಯಾಗಿ ಹುಟ್ಟಿದ ವಿಶ್ವ ಆರುತ್ತಾ ಬಂದರೆ ಉಳಿಯಬೇಕಾದ ಕಾವು. ಬಹುಪಾಲು ವಿಜ್ಞಾನಿಗಳು ಬಿಗ್ ಬ್ಯಾಂಗ್ ಕಡೆ ಹೊರಳಿದರು. ಭಾರತದಲ್ಲಿ ಪದ್ಮಭೂಷಣ ಬಂದದ್ದು ಕೂಡ ಅದೇ 1965ರಲ್ಲಿ. ಸನ್ಮಾನದ ಹಾರ ಬೀಳುತ್ತಿದ್ದ ವರ್ಷವೇ ಗುಂಡು ಕಿವಿಯ ಪಕ್ಕ ಹೋಗದೆ ನೇರ ತಗಲಿತ್ತು.

ಆಮೇಲೂ ಅವರು ಪಕ್ಷ ಬದಲಿಸಲಿಲ್ಲ. 1993ರಲ್ಲಿ ಹಾಯ್ಲ್ ಮತ್ತು ಖಗೋಳ ವಿಜ್ಞಾನಿ ಬರ್ಬಿಜ್ ಜೊತೆ ಸೇರಿ ಆರಂಭವಿಲ್ಲದ ವಿಶ್ವದ ಹಳೆಯ ಸಿದ್ಧಾಂತವನ್ನು ರಿಪೇರಿ ಮಾಡಿ ಮತ್ತೆ ತಂದರು. ಹೆಚ್ಚಿನವರು ಒಪ್ಪಲಿಲ್ಲ. ಆದರೆ ಅವರು ವಿದ್ಯಾರ್ಥಿಗಳಿಗೆ ಬರೆದ ವಿಶ್ವವಿಜ್ಞಾನದ ಪಠ್ಯಪುಸ್ತಕ ತೆಗೆದು ನೋಡಿ. ಬಹುಪಾಲು ಪುಟಗಳಲ್ಲಿ ಇರುವುದು ಎದುರು ಪಕ್ಷದ ಬಿಗ್ ಬ್ಯಾಂಗ್, ಅದೂ ನೀಟಾಗಿ. ತಮ್ಮದನ್ನು ಬೇರೆಯಾಗಿ, ಇದು ಪರ್ಯಾಯ ಅಂತ ಹೇಳಿಯೇ ಇಟ್ಟಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದು ಇದರಿಂದ. ಗೆದ್ದ ಪಕ್ಷದವರು ಉದಾರವಾಗಿರುವುದು ಸುಲಭ.

ಬಳೆ ಬಿದ್ದ ಗೋಡೆ

2019ರ ಡಿಸೆಂಬರ್ 26. ಕಂಕಣ ಗ್ರಹಣ. ಮಂಗಳೂರಿನಲ್ಲಿ ಉಂಗುರ ಕಾಣುತ್ತದೆ ಅಂತ ಗೊತ್ತಿದ್ದರಿಂದ ಹಿಂದಿನ ರಾತ್ರಿಯೇ ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎಂಟಕ್ಕೆ ಹಿಡಿಯಲು ಶುರು. ಬೀದಿ ಬಂದ್ ದಿನದ ಹಾಗೆ ಖಾಲಿ. ಕೆಳಗಿನ ಹೋಟೆಲ್ ಬಾಗಿಲು ತೆರೆದಿರಲಿಲ್ಲ. ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿ, ತುಪ್ಪದ ಡಬ್ಬಿ, ನೀರಿನ ಕೊಡ ಎಲ್ಲದರ ಮೇಲೂ ದರ್ಬೆ. ಅಕ್ಕನ ಅತ್ತೆ ಮಾಡಿದ ಏರ್ಪಾಡು. ನನ್ನ ಜೇಬಿನಲ್ಲಿ ಗ್ರಹಣದ ಕನ್ನಡಕ. ಅದು ಒಂದೇ ಇದ್ದದ್ದರಿಂದ ಅಕ್ಕನ ಮಗಳಿಗೆ ಕಾದು ಕಾದು ಬೇಜಾರು. ಆಗ ಅವಳು ಸಣ್ಣವಳು. ಒಳಗೆ ಓಡಿ ಪೂರಿ ಎತ್ತುವ ತೂತಿನ ಸಟ್ಟುಗ ತಂದಳು. ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರಂತೆ.

ಒಂಬತ್ತೂಕಾಲು ದಾಟಿದ ಮೇಲೆ ಬಿಸಿಲು ಬಿಸಿಲಿನ ಹಾಗೆ ಇರಲಿಲ್ಲ. ನೆರಳು ಮಾತ್ರ ಚೂಪಾಗಿತ್ತು. ಸಟ್ಟುಗವನ್ನು ಸೂರ್ಯನಿಗೆ ಅಡ್ಡ ಹಿಡಿದಾಗ ಕಂಪೌಂಡಿನ ಬಿಳಿ ಗೋಡೆ ಮೇಲೆ ಎಷ್ಟು ತೂತೋ ಅಷ್ಟು ಕುಡುಗೋಲು. ನೋಡುತ್ತಾ ಇದ್ದ ಹಾಗೆ ಕುಡುಗೋಲಿನ ತುದಿಗಳು ಕೂಡಿಕೊಂಡವು. ಗೋಡೆ ತುಂಬ ಪುಟ್ಟ ಪುಟ್ಟ ಬೆಳಕಿನ ಬಳೆ. ಮಾವಿನ ಮರದ ಕೆಳಗೆ ಅಂಗಳದಲ್ಲೂ ಅದೇ, ಎಲೆಗಳ ಸಂದಿಯಿಂದ ಬಿದ್ದ ನೂರಾರು ಉಂಗುರಗಳು ಒಂದರ ಮೇಲೊಂದು. ಹುಡುಗಿ ಕಿರುಚಿದ್ದು ಕೇಳಿ ಅತ್ತೆ ಕಿಟಕಿಗೆ ಬಂದರು. ಹೊರಗೆ ಬರಲಿಲ್ಲ. ಸೂರ್ಯನನ್ನೂ ನೋಡಲಿಲ್ಲ. ಗೋಡೆ ನೋಡಿದರು. "ಓ, ಬಳೆ" ಅಂದರು. ಬಹಳ ಹೊತ್ತು ನೋಡಿದರು.

ಗ್ರಹಣ ಬಿಟ್ಟ ಮೇಲೆ ಅವರದು ಸ್ನಾನ, ಆಮೇಲೆ ಅಡುಗೆ. ಊಟಕ್ಕೆ ಕೂತಾಗ ನಾನು ಸ್ವಲ್ಪ ಕೆಣಕಿದೆ. ಹೊರಗೆ ಇದ್ದ ನಮಗೆ ಏನೂ ಆಗಲಿಲ್ಲವಲ್ಲ ಅತ್ತೆ, ಅಂತ. "ನಾನು ಒಳಗೆ ಜಪ ಮಾಡ್ತಾ ಇದ್ದೆ. ಮತ್ತೆ ಎಂತ ಆಗ್ತದೆ?" ಅಂತ ಸಾರು ಬಡಿಸಿದರು.

ನಾರ್ಳೀಕರ್ ಬರೆದ ‘ಧೂಮಕೇತು’ ಕಥೆಯ ಕೊನೆ ಹೆಚ್ಚುಕಡಿಮೆ ಇದೇ. ದತ್ತ ಎಂಬ ಬಂಗಾಳಿ ಹವ್ಯಾಸಿ ಖಗೋಳ ವೀಕ್ಷಕ ಒಂದು ಧೂಮಕೇತು ಕಂಡುಹಿಡಿಯುತ್ತಾನೆ. ಅದು ಭೂಮಿಗೆ ಡಿಕ್ಕಿ ಹೊಡೆಯಲಿದೆ ಎಂದು ಲೆಕ್ಕ ಹೇಳುತ್ತದೆ. ವಿಜ್ಞಾನಿಗಳು ಗುಟ್ಟಾಗಿ ಅಣುಬಾಂಬು ಹೊತ್ತ ನೌಕೆ ಕಳಿಸಿ ಅದರ ದಾರಿ ತಪ್ಪಿಸುತ್ತಾರೆ. ಇತ್ತ ಮನೆಯಲ್ಲಿ ಅವನ ಹೆಂಡತಿ ಶಾಂತಿ ಹೋಮ ಮಾಡಿಸಿದ್ದಾಳೆ. ಗಂಡಾಂತರ ಕಳೆಯಿತು, ಹೋಮ ಫಲಿಸಿತು. ದತ್ತನಿಗೆ ತನ್ನದೇ ಹೆಸರಿನ ಧೂಮಕೇತುವಿನ ಕಥೆಯನ್ನು ತನ್ನ ಮನೆಯವರಿಗೇ ಅರ್ಥ ಮಾಡಿಸಲಾಗುವುದಿಲ್ಲ.

ಕಥೆಯಲ್ಲಿ ಅವರು ಜಗಳ ಮಾಡಲಿಲ್ಲ. ಜಗಳಕ್ಕೆ ಬೇರೆ ಜಾಗ ಇತ್ತು. 2008ರಲ್ಲಿ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಜೊತೆ ಸೇರಿ ಜ್ಯೋತಿಷ್ಯದ ಪರೀಕ್ಷೆ ಮಾಡಿದರು. 100 ಜಾಣ ಮಕ್ಕಳ ಜಾತಕ, ಬುದ್ಧಿಮಾಂದ್ಯರಾದ 100 ಮಕ್ಕಳ ಜಾತಕ. ಎಲ್ಲ ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕೊಟ್ಟು, ಯಾವುದು ಯಾರದು ಹೇಳಿ ಅಂದರು. 27 ಜ್ಯೋತಿಷಿಗಳು ಉತ್ತರ ಕಳಿಸಿದರು. ಸರಿ ಬಂದದ್ದು ಶೇಕಡಾ 46. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ 50ರ ಹತ್ತಿರ ಬರುತ್ತಿತ್ತು. ಬೈಗುಳ ಇಲ್ಲ, ಭಾಷಣ ಇಲ್ಲ. ಇಲ್ಲೂ ಹೆಸರು ಮುಚ್ಚಿಟ್ಟ ಪರೀಕ್ಷೆಯೇ.

ಅಂದ ಮಾತ್ರಕ್ಕೆ ಗೆರೆ ಯಾವಾಗಲೂ ಸ್ಪಷ್ಟವಾಗಿತ್ತು ಅಂತ ನಾನು ಹೇಳುವುದಿಲ್ಲ. ಜೀವ ಭೂಮಿಗೆ ಹೊರಗಿನಿಂದ ಬಂದಿರಬಹುದು ಅನ್ನುವ ಹಾಯ್ಲ್ ವಾದದ ಕಡೆ ಅವರಿಗೆ ಒಲವಿತ್ತು. 2001ರಲ್ಲಿ, ಮತ್ತೆ 2005ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ 41 ಕಿಲೋಮೀಟರ್ ಎತ್ತರದವರೆಗಿನ ಗಾಳಿ ಹಿಡಿದು ತಂದರು. ಇಸ್ರೋ ಬೆಂಬಲದ ಈ ಹುಡುಕಾಟದಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಸಿಕ್ಕಿವೆ ಎಂದು 2009ರಲ್ಲಿ ಪ್ರಕಟವಾಯಿತು. ಒಂದಕ್ಕೆ ಹಾಯ್ಲ್ ಹೆಸರೇ ಇಟ್ಟರು. ಅವು ಮೇಲಿನಿಂದ ಬಂದವೋ, ಕೆಳಗಿನಿಂದ ಹೋದವೋ? ಹೊರಗಿನಿಂದಲೇ ಬಂದವು ಎಂದು ಆ ಪ್ರಯೋಗ ಸಾಧಿಸಲಿಲ್ಲ, ಇಸ್ರೋ ಕೂಡ ಹಾಗೆ ಹೇಳಲಿಲ್ಲ. ಗುರುವಿನ ಮೇಲಿನ ಪ್ರೀತಿ ಇಲ್ಲಿ ಸ್ವಲ್ಪ ಜಾಸ್ತಿಯೇ ಕೆಲಸ ಮಾಡಿತು ಅನ್ನಿಸುತ್ತದೆ. ಆದರೆ ಊಹೆಯನ್ನು ಬಲೂನಿಗೆ ಕಟ್ಟಿ ಹಾರಿಸಿ ನೋಡಿದರಲ್ಲ, ಅದಕ್ಕೆ ನನ್ನ ಸಲಾಂ. ‘ನಾಸಾ ಹೇಳಿದೆ’ ಅಂತ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಿಗೆ ಬಂದು ಬೀಳುವ ಕಥೆಗಳನ್ನು ಯಾರು ಎಲ್ಲಿ ಹಾರಿಸಿ ನೋಡಿದ್ದಾರೆ?

ಬಲೀಂದ್ರನ ಊರಿನಲ್ಲಿ ವಾಮನ

ಲೈಬ್ರರಿಯ ಆ ಕಾದಂಬರಿ ‘ದಿ ರಿಟರ್ನ್ ಆಫ್ ವಾಮನ್’. ಮರಾಠಿ ಮೂಲ 1986ರದು. ನೆಲದಾಳದಲ್ಲಿ ಸಿಕ್ಕ ಹಳೆಯ ನಾಗರಿಕತೆಯೊಂದರ ಪೆಟ್ಟಿಗೆ, ಅದರೊಳಗಿನ ಮಾಹಿತಿ ಹಿಡಿದು ನಮ್ಮವರು ಕಟ್ಟುವ ಬುದ್ಧಿವಂತ ಯಂತ್ರ. ವಾಮನನ ಹಾಗೆ ಅದೂ ಕಾಲಿಡಲು ಸ್ವಲ್ಪ ಜಾಗ ಕೇಳುತ್ತದೆ. ಚಾಟ್‌ಬಾಟುಗಳ ಈ ಕಾಲದಲ್ಲಿ ಓದಿದರೆ ಬೆನ್ನು ಚಳಿ ಅನ್ನುತ್ತದೆ. ತುಳುನಾಡಿನವನಿಗೆ ಇನ್ನೊಂದು ರುಚಿಯೂ ಉಂಟು. ನಾವು ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು ಕೂ ಹಾಕಿ ಕರೆಯುವುದು ಬಲೀಂದ್ರನನ್ನು, ವಾಮನನನ್ನಲ್ಲ. ಕಲ್ಲು ಕಾಯಾಗುವಾಗ, ಉಪ್ಪು ಕರ್ಪೂರ ಆಗುವಾಗ ನಿನ್ನ ರಾಜ್ಯ ನಿನಗೆ ವಾಪಸ್ ಅಂತ ಅವನಿಗೆ ಮಾತು ಕೊಟ್ಟು ಕಳಿಸಿದ್ದಂತೆ. ನಮ್ಮ ಅಜ್ಜಂದಿರು ಆಗದ ಸಂಗತಿಗಳ ಪಟ್ಟಿ ಮಾಡುವುದರಲ್ಲಿ ಯಾವ ವೈಜ್ಞಾನಿಕ ಕಥೆಗಾರನಿಗೂ ಕಡಿಮೆ ಇರಲಿಲ್ಲ. ನಾರ್ಳೀಕರ್ ಕಥೆ ನನಗೆ ಬಲಿಯ ಕಡೆಯಿಂದ ಓದಿಸಿಕೊಂಡಿತು. ಮೋಸ ಹೋಗುವವರು ಒಳ್ಳೆಯವರೇ, ದೊಡ್ಡ ಮನಸ್ಸಿನವರೇ.

ಆದರೆ ಕಾದಂಬರಿಯಾಗಿ? ಪಾತ್ರಗಳು ಪೇಲವ. ಇಬ್ಬರು ಮಾತಾಡಲು ಕೂತರೆ ಒಬ್ಬರು ಬೋರ್ಡಿನ ಮುಂದೆ ನಿಂತ ಮೇಷ್ಟ್ರಾಗುತ್ತಾರೆ, ಇನ್ನೊಬ್ಬರು ಪ್ರಶ್ನೆ ಕೇಳಲಿಕ್ಕೆಂದೇ ಇರುತ್ತಾರೆ. ಯಾರ ಮನೆಯಲ್ಲೂ ಸಾಸಿವೆ ಸಿಡಿದ ವಾಸನೆ ಬರುವುದಿಲ್ಲ. ಘಟ್ಟ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ‘ಕರ್ವಾಲೊ’ ಬರೆದರು. ಅಲ್ಲೂ ಒಬ್ಬ ವಿಜ್ಞಾನಿ, ಒಂದು ಹಾರುವ ಓತಿ. ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ, ಕಾಂಡಕ್ಕೆ ಅಂಟಿ ಕೂತರೆ ತೊಗಟೆಯೇ ಆಗಿಬಿಡುವ ಓತಿಯನ್ನು ನೋಡಿದವರಿಗೆ ಆ ಪುಸ್ತಕ ಎಷ್ಟು ಮೈಗೆ ಹತ್ತುತ್ತದೆ ಅಂತ ಗೊತ್ತು. ‘ಕರ್ವಾಲೊ’ದ ಮಂದಣ್ಣನಂಥ ಒಂದು ಪಾತ್ರ ನಾರ್ಳೀಕರ್ ಕಥೆಗಳಲ್ಲಿ ಇಲ್ಲ. ತೇಜಸ್ವಿಯಲ್ಲಿ ಇಲ್ಲದ್ದು ನಾರ್ಳೀಕರ್‌ನಲ್ಲಿದೆ ಅನ್ನುವುದೂ ಅಷ್ಟೇ ನಿಜ. ಹಿಮಯುಗ ಬಂದರೆ ಮುಂಬೈಗೆ ಏನಾಗುತ್ತದೆ, ತಡೆಯಲು ಆಕಾಶದಲ್ಲಿ ಏನು ಮಾಡಬೇಕು ಅಂತ ಲೆಕ್ಕ ಹಾಕಿ ಕೂತು ಬರೆಯುವ ಜಾತಿ ಅದು.

ಆ ಜಾತಿಯ ಬರಹ ನಮ್ಮ ಕರಾವಳಿಯಿಂದ ಬರುವುದಿಲ್ಲವಲ್ಲ ಅನ್ನುವುದು ನನ್ನ ಹೊಟ್ಟೆಯುರಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅಂಥವರು ಬರೆದಿದ್ದಾರೆ, ಇಲ್ಲ ಅಂತಲ್ಲ. ಆದರೆ ಇಲ್ಲಿ ವಸ್ತುವಿಗೆ ಬರ ಉಂಟಾ? ಉಳ್ಳಾಲದಲ್ಲಿ ಪ್ರತಿ ಮಳೆಗಾಲ ಕಡಲು ಮನೆ ನುಂಗುತ್ತದೆ, ನಾವು ಕಲ್ಲು ಹಾಕುತ್ತೇವೆ, ಕಡಲು ಪಕ್ಕದ ಮನೆಗೆ ಹೋಗುತ್ತದೆ. ನೇತ್ರಾವತಿಯ ಉಪನದಿಗಳ ನೀರನ್ನು ಎತ್ತಿನಹೊಳೆ ಹೆಸರಿನಲ್ಲಿ ಘಟ್ಟದ ಆಚೆ ಪಂಪ್ ಮಾಡುತ್ತಾರೆ. ಐವತ್ತು ವರ್ಷ ಬಿಟ್ಟು ಅಳಿವೆಯಲ್ಲಿ ಉಪ್ಪು ಎಲ್ಲಿವರೆಗೆ ಏರುತ್ತದೆ, ಯಾವ ಮೀನು ಹೋಗುತ್ತದೆ, ಯಾವ ಊರಿನ ಬಾವಿ ಮೊದಲು ಕೆಡುತ್ತದೆ? ಇದಕ್ಕೆಲ್ಲ ಲೆಕ್ಕ ಇದೆ. ಸುರತ್ಕಲ್‌ನಲ್ಲಿ, ಮಣಿಪಾಲದಲ್ಲಿ ಆ ಲೆಕ್ಕ ಬಲ್ಲವರೂ ಇದ್ದಾರೆ. ಅವರಲ್ಲಿ ಒಬ್ಬರು ಹೆಸರು ತಿರುವುಮುರುವು ಮಾಡಿಯಾದರೂ ಒಂದು ಕಥೆ ಬರೆಯಲಿ. ಪಾತ್ರಗಳು ಪೇಲವವಾಗಿದ್ದರೂ ಪರವಾಗಿಲ್ಲ, ನಾನು ಓದುತ್ತೇನೆ.